ನಾಯಿಮರಿಯನ್ನು ಮನೆಗೆ ತರುವ ಮುನ್ನ

ಕಳೆದ ತಿಂಗಳು ಒಂದು ಭಾನುವಾರ ಸದಸ್ಯರೊಬ್ಬರು ನಮ್ಮ ವಾಚನಾಲಯಕ್ಕೆ ಬಂದವರು ಪತ್ರಿಕೆಗಳ ಕಡೆ ತಿರುಗಿಯೂ ನೋಡದೆ ನೇರವಾಗಿ ಮೇಜಿನ ಬಳಿಗೆ ಬಂದು, ಮುಧೋಳದ ನಾಯಿಯ ವಿಷಯವಾಗಿ ಕನ್ನಡದಲ್ಲಿ ಪುಸ್ತಕವೇನಾದರೂ ಉಂಟೆ ಎಂದು ಕೇಳಿದರು. ಬಾಗಲಕೋಟೆಯ ಕಡೆಯವರು. ರಜೆಯಲ್ಲಿ ಊರಿಗೆ ಹೋದಾಗ ಸೋದರಮಾವನ ತೋಟದ ಮನೆಯಲ್ಲಿ ಮರಿಗಳನ್ನು ಕಂಡರಂತೆ. ಮಕ್ಕಳಿಬ್ಬರೂ ಅವನ್ನು ಬಿಟ್ಟು ಬರಲು ಒಪ್ಪದೆ ಅತ್ತರಂತೆ. ಮರಿಗಳು ಇನ್ನೂ ತಾಯಿಯ ಹಾಲು ಕುಡಿಯುತ್ತಿದ್ದುದರಿಂದ, ದೀಪಾವಳಿಗೆ ಬಂದು ಒಂದನ್ನು ಒಯ್ಯುತ್ತೇವೆಂದು ಮಾತು ಕೊಟ್ಟು ಮುಂಬಯಿಗೆ ಮರಳಿದ್ದಾರೆ.

ಅಂಥ ಪುಸ್ತಕ ನಮ್ಮ ಕಪಾಟಿನಲ್ಲಿ ಸಿಗಲಿಲ್ಲ. ಅವರಿಗೆ ಬೇಕಾಗಿದ್ದುದು ಮರಿಗೆ ಏನು ತಿನ್ನಿಸಬೇಕು ಎಂಬುದಷ್ಟೆ. ಆದರೆ ತಿನ್ನಿಸುವ ಮಾತಿಗೆ ಮುಂಚೆ ಕೇಳಿಕೊಳ್ಳಬೇಕಾದ ಬೇರೆ ಪ್ರಶ್ನೆಗಳಿವೆ ಎಂದು ನಾವು ಅವರನ್ನು ಕೂರಿಸಿಕೊಂಡು ಒಂದು ಗಂಟೆ ಮಾತನಾಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಒಂದು ಖೋಲಿಯಲ್ಲಿ ಸಂಸಾರ ಮಾಡುವವರು, ಪಾಳಿಯ ಕೆಲಸದವರು, ವರ್ಷಕ್ಕೊಮ್ಮೆ ಊರಿಗೆ ಹೋಗುವವರು. ಈ ಮೂರು ಸಂಗತಿಗಳನ್ನು ಮರೆತು ನಾಯಿ ಸಾಕುವ ಮಾತನ್ನು ಆಡುವಂತಿಲ್ಲ.

ಮೊದಲು ಮುಧೋಳದ ನಾಯಿಯ ಮಾತು. ರನ್ನ ಕವಿಯ ಊರಾದ ಮುಧೋಳವು ಇಂದು ನಾಡಿನಾಚೆ ಹೆಸರಾಗಿರುವುದು ಬಹುಮಟ್ಟಿಗೆ ಈ ಬೇಟೆ ನಾಯಿಯಿಂದ. ಕಾರವಾನ್ ನಾಯಿ ಎಂದೂ ಇದನ್ನು ಕರೆಯುವರು. ಮುಧೋಳ ಸಂಸ್ಥಾನದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆಸ್ಥೆಯಿಂದ ಬೆಳೆಸಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆಯು ಭಾರತೀಯ ನಾಯಿತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಅವುಗಳಲ್ಲಿ ಮುಧೋಳದ ನಾಯಿಯೂ ಒಂದು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ಇದನ್ನು ಹೊಗಳಿದ ಮೇಲಂತೂ ಇದರ ಮೇಲಿನ ಮೋಹ ಇನ್ನೂ ಹೆಚ್ಚಿತು. ಊರ ಅಭಿಮಾನವೂ ಮಕ್ಕಳ ಹಟವೂ ಸೇರಿಕೊಂಡರೆ ಬೇಡವೆನ್ನಲು ಯಾರಿಗೆ ಮನಸ್ಸು ಬಂದೀತು?

ಆದರೆ ಆ ನಾಯಿಯ ಮೈಕಟ್ಟನ್ನು ಸ್ವಲ್ಪ ಗಮನಿಸಿ. ಉದ್ದನೆಯ ಮೂತಿ, ಆಳವಾದ ಎದೆ, ಸಣ್ಣ ನಡು, ನೀಳವಾದ ಕಾಲು. ಇದು ವಾಸನೆ ಹಿಡಿದು ನಿಧಾನವಾಗಿ ಹೋಗುವ ನಾಯಿಯಲ್ಲ. ಬಯಲಿನಲ್ಲಿ ಮೊಲವನ್ನು ಕಣ್ಣಿನಿಂದ ಕಂಡು ಅಟ್ಟಿಕೊಂಡು ಓಡುವ ನಾಯಿ. ಓಟವೇ ಅದರ ಹುಟ್ಟುಗುಣ. ಬೆಳೆದಾಗ ಭುಜದ ಎತ್ತರ ಎರಡಡಿಗೂ ಮೇಲೆ, ತೂಕ ಇಪ್ಪತ್ತು ಕಿಲೋಗೂ ಮೇಲೆ. ಗುರುತಿಲ್ಲದವರು ಮೈಮುಟ್ಟಿದರೆ ಅದಕ್ಕೆ ಸೇರದು. ಇಂಥದನ್ನು ಹತ್ತಡಿ ಹನ್ನೆರಡಡಿ ಖೋಲಿಗೆ ತಂದರೆ, ಮಂಚ, ಕಪಾಟು, ಒಲೆ, ನೀರಿನ ಪೀಪಾಯಿ ಇವೆಲ್ಲ ಕಳೆದು ಉಳಿಯುವ ಜಾಗವೆಷ್ಟು? ಬಾಗಿಲ ಹೊರಗೆ ಎಲ್ಲರೂ ಓಡಾಡುವ ಪಡಸಾಲೆ. ಅಲ್ಲಿ ಗುರುತಿಲ್ಲದವರು ದಿನಕ್ಕೆ ನೂರು ಸಲ ಹಾದುಹೋಗುತ್ತಾರೆ. ತೋಟದಲ್ಲಿ ಅತ್ಯುತ್ತಮವಾದ ನಾಯಿಯೇ ಚಾಳಿನಲ್ಲಿ ಕಚ್ಚುವ ನಾಯಿಯಾಗುವುದು ಹೀಗೆ. ತಪ್ಪು ನಾಯಿಯದಲ್ಲ.

ಕಟ್ಟಿಹಾಕಿದರಾಯಿತು ಎಂದು ಆ ಸದಸ್ಯರು ಅಂದರು. ಹಲವರ ಮನಸ್ಸಿನಲ್ಲೂ ಇದೇ ಇರುತ್ತದೆ. ಭರತನಾಟ್ಯದ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಪಟ್ಟುಹಿಡಿದದ್ದರಿಂದ 1960ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯಿದೆ ಬಂತು. ಪ್ರಾಣಿಯನ್ನು ತೀರ ಗಿಡ್ಡ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಡುವುದು, ಕಟ್ಟಿಯೇ ಸಾಕಿದ ನಾಯಿಯನ್ನು ಓಡಾಡಿಸದೆ ಇಡುವುದು, ಹಸಿವು ನೀರಡಿಕೆಗಳಿಂದ ನರಳುವಂತೆ ಎಲ್ಲಾದರೂ ಬಿಟ್ಟುಬರುವುದು ಇವೆಲ್ಲ ಆ ಕಾಯಿದೆಯಂತೆ ಅಪರಾಧಗಳು. ಕಾಯಿದೆ ಹಾಗಿರಲಿ; ಎಂಟು ಗಂಟೆ ಪಾಳಿ, ಹೋಗಿಬರುವ ರೈಲಿನಲ್ಲಿ ಮೂರು ಗಂಟೆ, ಒಟ್ಟು ಹನ್ನೊಂದು ಗಂಟೆ ಕಟ್ಟಿಹಾಕಿದ ನಾಯಿ ಬೊಗಳದೆ ಮತ್ತೇನು ಮಾಡೀತು? ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವ ಪಕ್ಕದ ಖೋಲಿಯವರ ಪಾಡನ್ನೂ ನೆನೆಯಬೇಕು.

ಈ ಮಾತುಗಳನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ನಾವು ಐವರು ಗೆಳೆಯರು ಒಂದೇ ಖೋಲಿಯಲ್ಲಿದ್ದೆವು. ಖಾನಾವಳಿಯ ಊಟ. ಮಳೆಗಾಲದ ಒಂದು ರಾತ್ರಿ ನಮ್ಮಲ್ಲೊಬ್ಬರು ಗಟಾರದ ಬಳಿ ಒದ್ದೆಯಾಗಿ ನಡುಗುತ್ತಿದ್ದ ಮರಿಯೊಂದನ್ನು ಅಂಗಿಯಲ್ಲಿ ಸುತ್ತಿಕೊಂಡು ತಂದರು. ಬಿಸಿಹಾಲು ಹಾಕಿದೆವು. ಬೆಳಗಾಗುವ ಹೊತ್ತಿಗೆ ಅದು ಐವರದೂ ಆಯಿತು. ಐವರದು ಎಂದರೆ ಯಾರದೂ ಅಲ್ಲ ಎಂಬುದು ನಮಗೆ ಗೊತ್ತಾಗಲು ಎಂಟು ತಿಂಗಳು ಬೇಕಾಯಿತು. ಮೊದಲ ಪಾಳಿಯವರು ಎರಡನೆಯ ಪಾಳಿಯವರು ಅನ್ನ ಹಾಕಿದರೆಂದು ತಿಳಿದರು. ಅವರು ಇವರು ಹಾಕಿದರೆಂದು ತಿಳಿದರು. ಕೆಲವು ದಿನ ಅದಕ್ಕೆ ಮೂರು ಊಟ, ಕೆಲವು ದಿನ ಏನೂ ಇಲ್ಲ.

ಒಂದು ಸಂಜೆ ಪಡಸಾಲೆಯಲ್ಲಿ ಆಡುತ್ತಿದ್ದ ಪಕ್ಕದ ಮನೆಯ ಹುಡುಗ ಅದರ ಬಾಯಿಂದ ಚಪಾತಿ ಕಸಿಯಲು ಹೋದ. ನಾಯಿ ಅವನ ಮುಂಗೈಗೆ ಹಲ್ಲು ಊರಿತು. ಹುಡುಗನ ತಂದೆ ನಮ್ಮ ಬಾಗಿಲಿಗೆ ಬಂದು ಕೂಗಾಡಲಿಲ್ಲ. ಒಂದೇ ಮಾತು ಕೇಳಿದರು: “ಇದಕ್ಕೆ ಸೂಜಿ ಹಾಕಿಸಿದ್ದೀರಾ?” ನಾವು ಐವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಗಿರಣಿಯಲ್ಲಿ ನೂರಾರು ಜನರ ಹಾಜರಿ, ರಜೆ, ಸಂಬಳಗಳನ್ನು ತಪ್ಪಿಲ್ಲದೆ ಬರೆದಿಡುವ ನಮ್ಮ ಬಳಿ ಒಂದು ನಾಯಿಯ ಲಸಿಕೆಯ ಚೀಟಿ ಇರಲಿಲ್ಲ.

ಹುಡುಗನಿಗೆ ಸೂಜಿಮದ್ದು ಕೊಡಿಸಬೇಕಾಯಿತು. ವೈದ್ಯರು ಹೇಳಿದಂತೆ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ಕಾದೆವು. ಹುಚ್ಚು ಹಿಡಿದ ನಾಯಿಯಾದರೆ ಕಚ್ಚಿದ ಹತ್ತು ದಿನಗಳೊಳಗೆ ರೋಗ ಕಾಣಿಸಿಕೊಂಡು ಸಾಯುವುದು. ಆ ಹತ್ತು ರಾತ್ರಿ ನಮ್ಮ ಖೋಲಿಯಲ್ಲಿ ಸರಿಯಾಗಿ ನಿದ್ದೆ ಮಾಡಿದವರಿಲ್ಲ. ನಾಯಿ ಒಂದು ಹೊತ್ತು ನೀರು ಕುಡಿಯದಿದ್ದರೆ ಎದೆ ಹಾರುತ್ತಿತ್ತು. ಹನ್ನೊಂದನೆಯ ದಿನ ಅದು ಎಂದಿನಂತೆ ಬಾಲವಾಡಿಸುತ್ತ ಎದ್ದಿತು, ಹುಡುಗನೂ ಕ್ಷೇಮವಾಗಿದ್ದ. ಆದರೆ ಚಾಳಿನವರು ಅದನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಒಪ್ಪಿರೆಂದು ಕೇಳುವ ಮುಖ ನಮಗೂ ಇರಲಿಲ್ಲ. ನಗರದ ಹೊರಗೆ ಕಾವಲುಗಾರರಾಗಿದ್ದ ಪರಿಚಯದವರೊಬ್ಬರಿಗೆ ಕೊಟ್ಟೆವು. ಕೊಟ್ಟು ಬರುವಾಗ ಅದು ಬೇಲಿಯ ತನಕ ನಮ್ಮ ಹಿಂದೆಯೇ ಬಂತು.

ಆದ್ದರಿಂದ ಸೂಜಿಮದ್ದಿನ ಪಾಠವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. ಎಂಟು ವಾರದೊಳಗಿನ ಮರಿಯನ್ನು ತಳಿ ಬೆಳೆಸುವವರು ಮಾರಕೂಡದೆಂದು 2017ರ ನಿಯಮಗಳೂ ಹೇಳುತ್ತವೆ. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ಮೊದಲ ಲಸಿಕೆ. ಮೂರು ನಾಲ್ಕು ವಾರಗಳಿಗೊಮ್ಮೆ, ನಾಲ್ಕು ತಿಂಗಳು ತುಂಬುವ ತನಕ ಅದನ್ನೇ ಮತ್ತೆ ಹಾಕಿಸಬೇಕು. ಮೊದಲ ಸೂಜಿ ಹಾಕಿಸಿ ಉಳಿದವನ್ನು ಮರೆಯುವವರೇ ಹೆಚ್ಚು. ಅಂಥ ಮರಿಗಳೇ ಪಾರ್ವೊ ಬಂದು ರಕ್ತಭೇದಿಯಾಗಿ ಎರಡು ಮೂರು ದಿನಗಳಲ್ಲಿ ಸಾಯುವುದು. ಪಾರ್ವೊದ ವಿಷಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಮರಿ ಹಾಗೆ ಸತ್ತ ಮನೆಗೆ ಮಕ್ಕಳ ಅಳು ನಿಲ್ಲಿಸಲು ಮರುವಾರವೇ ಇನ್ನೊಂದನ್ನು ತರುವುದು ಅದನ್ನೂ ಕೊಂದಂತೆ. ಮುಂಬಯಿಯವರು ಇಲಿಜ್ವರ ಎಂಬ ಲೆಪ್ಟೊಸ್ಪೈರೋಸಿಸ್ಸನ್ನೂ ನೆನಪಿಡಬೇಕು. 2005ರ ಜುಲೈ 26ರ ಮಹಾಮಳೆಯ ಬಳಿಕ ಈ ಊರಿನಲ್ಲಿ ಅದು ಹರಡಿತ್ತು. ನಿಂತ ನೀರಿನಲ್ಲಿ ನಡೆದ ನಾಯಿಗೂ ಅದು ತಗಲುತ್ತದೆ, ನಾಯಿಯಿಂದ ಮನೆಯವರಿಗೂ ಬರಬಹುದು. ಅದಕ್ಕೂ ಲಸಿಕೆ ಉಂಟು.

ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ಅನಂತರ ವೈದ್ಯರು ಹೇಳಿದಂತೆ ವರ್ಷ ವರ್ಷವೂ. ಪ್ರತಿ ಸಲವೂ ಚೀಟಿಯ ಮೇಲೆ ತಾರೀಖು, ಸಹಿ, ಮುದ್ರೆ ಬೀಳಬೇಕು. ಹೊಟ್ಟೆಯ ಹುಳುವಿನ ಔಷಧವನ್ನೂ ಬಿಡುವಂತಿಲ್ಲ. ನೆಲದ ಮೇಲೆ ಹೊರಳಾಡುವ ಚಿಕ್ಕ ಮಕ್ಕಳಿದ್ದ ಮನೆಯಲ್ಲಿ ಮರಿಯ ಹುಳುವಿನ ಮೊಟ್ಟೆಗಳು ಮಗುವಿನ ಹೊಟ್ಟೆಯನ್ನೂ ಸೇರುತ್ತವೆ.

ಇನ್ನು ಕಚ್ಚಿದರೆ ಏನು ಮಾಡಬೇಕು? ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಮೊಟ್ಟಮೊದಲು ಈ ಲಸಿಕೆ ಕೊಡಿಸಿದ್ದು 1885ರ ಜುಲೈ 6ರಂದು. ಆ ಮೊದಲು ಈ ರೋಗಕ್ಕೆ ತಡೆಯೇ ಇರಲಿಲ್ಲ. ಇಂದಿಗೂ ರೋಗದ ಲಕ್ಷಣಗಳು ತೋರಿದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ವಿರಳ. ನಮ್ಮ ಹಿರಿಯರ ಕಾಲದಲ್ಲಿ ಹೊಟ್ಟೆಯ ಸುತ್ತ ಹದಿನಾಲ್ಕು ಸೂಜಿ ಹಾಕುತ್ತಿದ್ದರು. ಆ ಹೆದರಿಕೆಯಿಂದ ಇಂದಿಗೂ ಮಕ್ಕಳು ಕಚ್ಚಿದ್ದನ್ನು ಮುಚ್ಚಿಡುವುದುಂಟು. ಆ ಹಳೆಯ ಲಸಿಕೆಯ ತಯಾರಿಕೆಯನ್ನು ನಮ್ಮ ದೇಶದಲ್ಲಿ 2004ರ ಕೊನೆಗೇ ನಿಲ್ಲಿಸಿದರು. ಈಗಿನದು ತೋಳಿಗೆ ಹಾಕುವ ನಾಲ್ಕೈದು ಸೂಜಿ. ಕಚ್ಚಿದ ಅಥವಾ ಪರಚಿದ ಕೂಡಲೇ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿಯೇ ತೊಳೆಯಿರಿ, ಹದಿನೈದು ನಿಮಿಷ ನಾವು ಎಣಿಸುವುದಕ್ಕಿಂತ ದೀರ್ಘ. ಸುಣ್ಣ, ಖಾರದಪುಡಿ, ಅರಿಸಿನ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹತ್ತು ದಿನ ನಾಯಿಯನ್ನು ನೋಡಿ ಆಮೇಲೆ ಸೂಜಿ ಹಾಕಿಸೋಣವೆಂದು ಕಾಯುವುದು ತಪ್ಪು. ಸೂಜಿ ಮೊದಲು ಆರಂಭವಾಗಬೇಕು, ನಾಯಿಯ ಮೇಲಿನ ಕಣ್ಣು ಜೊತೆಯಲ್ಲೇ ನಡೆಯಬೇಕು. ಗಾಯ ದೊಡ್ಡದಾಗಿದ್ದರೆ ಗಾಯದೊಳಕ್ಕೇ ಕೊಡುವ ಸೀರಮ್ ಬೇಕೇ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿರಿ.

ಖರ್ಚಿನ ಮಾತು. ದರಗಳು ಊರಿಗೊಂದು ವರ್ಷಕ್ಕೊಂದು, ಆದ್ದರಿಂದ ಅಂಕಿ ಬರೆಯುವುದಿಲ್ಲ. ಕಿರಾಣಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ನಾಯಿಗೊಂದು ಖಾತೆ ತೆರೆದು ನೋಡಿ: ದಿನದ ಊಟ (ಮರಿಗೆ ದಿನಕ್ಕೆ ಮೂರು ನಾಲ್ಕು ಸಲ), ಲಸಿಕೆಗಳು, ಹುಳುವಿನ ಔಷಧ, ಉಣ್ಣೆಯ ಔಷಧ, ಮರಿಹಾಕದಂತೆ ಮಾಡಿಸುವ ಶಸ್ತ್ರಕ್ರಿಯೆ, ಪರವಾನಗಿ, ಎಂದಾದರೂ ಬರುವ ಕಾಯಿಲೆ. ಇದನ್ನು ಹನ್ನೆರಡರಿಂದ ಗುಣಿಸಿ, ಮತ್ತೆ ಹನ್ನೆರಡರಿಂದ ಗುಣಿಸಿ. ನಾಯಿ ಹತ್ತರಿಂದ ಹದಿನೈದು ವರ್ಷ ಬದುಕುತ್ತದೆ. ಇಂದು ಎರಡನೆಯ ಇಯತ್ತೆಯ ಹುಡುಗ ಕಾಲೇಜಿಗೆ ಹೋಗುವಾಗಲೂ ಅದು ಮನೆಯಲ್ಲಿರುತ್ತದೆ. ಮುಂಬಯಿಯಲ್ಲಿರುವವರಿಗೆ ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ತಿಳಿದಿರಬೇಕು. 1874ರಲ್ಲಿ ಸ್ಥಾಪನೆಯಾದ ಪ್ರಾಣಿದಯಾ ಸಂಘದವರು ಅದನ್ನು ನಡೆಸುತ್ತಾರೆ. ಮರಿಯನ್ನು ತರುವ ಮೊದಲೇ ಒಮ್ಮೆ ಹೋಗಿ ಬನ್ನಿ. ಅಲ್ಲಿ ಕಾಯುತ್ತ ಕುಳಿತವರೊಡನೆ ಅರ್ಧ ಗಂಟೆ ಮಾತನಾಡಿದರೆ ಪುಸ್ತಕ ಓದಿದಷ್ಟೇ ತಿಳಿಯುತ್ತದೆ.

ಅನುಮತಿಯ ವಿಷಯದಲ್ಲಿ ಜಗಳ ಬಹಳ. ಹೌಸಿಂಗ್ ಸೊಸಾಯಿಟಿಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿಯವರು 2015ರಲ್ಲಿ ಸೂಚನೆ ಕೊಟ್ಟಿದ್ದಾರೆ. ಸ್ವಂತ ಮನೆಯವರಿಗೆ ಅದು ಆಸರೆ. ಆದರೆ ಹನ್ನೊಂದು ತಿಂಗಳ ಕರಾರಿನಲ್ಲಿ ಬಾಡಿಗೆಗಿರುವ ನಮ್ಮಂಥವರು ಆ ಕಾಗದವನ್ನು ಹಿಡಿದು ಮಾಲಿಕರೊಡನೆ ವಾದಿಸಿದರೆ, ಹನ್ನೆರಡನೆಯ ತಿಂಗಳು ನಾಯಿಯೊಡನೆ ಬೀದಿಯಲ್ಲಿರುತ್ತೇವೆ. ಮೊದಲೇ ಕೇಳಿ, ಆದರೆ ಬರೆಸಿಕೊಳ್ಳಿ. ಅನಂತರ ಅಕ್ಕಪಕ್ಕದವರನ್ನೂ ಕೇಳಿ. ಕಾಯಿದೆ ಅದನ್ನು ಬೇಡುವುದಿಲ್ಲ, ಬಾಳುವೆ ಬೇಡುತ್ತದೆ. ಮಹಾನಗರಪಾಲಿಕೆಯ ಪರವಾನಗಿಯೂ ಬೇಕು, ಅದಕ್ಕೆ ಲಸಿಕೆಯ ಚೀಟಿ ಬೇಕು. ಪುಣೆ, ಹೈದರಾಬಾದು, ಚೆನ್ನೈ, ದಿಲ್ಲಿಗಳಲ್ಲೂ ಪರವಾನಗಿಯುಂಟು. ನಿಯಮಗಳನ್ನು ಆಯಾ ಪಾಲಿಕೆಯ ಕಚೇರಿಯಲ್ಲೇ ವಿಚಾರಿಸಬೇಕು.

ನಮ್ಮವರು ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ಮೇ ತಿಂಗಳನ್ನು. ಶಾಲೆಗೆ ರಜೆ ಬಿದ್ದೊಡನೆ ಊರಿಗೆ ಹೋಗದ ಕನ್ನಡಿಗರ ಮನೆ ಎಷ್ಟಿದ್ದಾವು? ಊರಿನಿಂದ ತಂತಿ ಬರುತ್ತಿದ್ದ ಕಾಲ ಹೋಯಿತು, ಈಗ ಫೋನು ಬರುತ್ತದೆ. ಆದರೆ ಅದೇ ರಾತ್ರಿ ಹೊರಡುವ ಅವಸರ ಹಾಗೆಯೇ ಉಳಿದಿದೆ. ಆಗ ನಾಯಿ? ರೈಲ್ವೆಯ ನಿಯಮ ಹೀಗಿದೆ. ಬೆಳೆದ ನಾಯಿಯನ್ನು ಜೊತೆಯಲ್ಲಿ ಕೂರಿಸಿಕೊಂಡು ಹೋಗಬೇಕಾದರೆ ಮೊದಲ ದರ್ಜೆಯಲ್ಲಿ ಇಬ್ಬರ ಕೂಪೆಯನ್ನೋ ನಾಲ್ವರ ಕೋಣೆಯನ್ನೋ ಪೂರ್ತಿಯಾಗಿ ಕಾದಿರಿಸಬೇಕು. ಸ್ಲೀಪರಿನಲ್ಲಾಗಲಿ, ಎರಡು ಮೂರು ಹಂತದ ಏಸಿ ಡಬ್ಬಿಗಳಲ್ಲಾಗಲಿ ಬಿಡುವುದಿಲ್ಲ. ಇಲ್ಲವಾದರೆ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಗಾರ್ಡಿನ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆಯಲ್ಲಿ ಹಾಕಬೇಕು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಒಂದು ಹಗಲು ಒಂದು ರಾತ್ರಿ. ಮೇ ತಿಂಗಳ ಸೋಲಾಪುರ, ಕಲಬುರಗಿ, ರಾಯಚೂರುಗಳ ಬಿಸಿಲಿನಲ್ಲಿ ಆ ಕಬ್ಬಿಣದ ಪೆಟ್ಟಿಗೆ ಹೇಗಿದ್ದೀತು ಎಂಬುದನ್ನು ಆ ದಾರಿಯಲ್ಲಿ ಜನರಲ್ ಡಬ್ಬಿಯಲ್ಲಿ ಹೋಗಿಬಂದವರಿಗೆ ನಾವು ಬಣ್ಣಿಸಬೇಕಾಗಿಲ್ಲ. ಆದ್ದರಿಂದ, ನೀವಿಲ್ಲದಾಗ ನೋಡಿಕೊಳ್ಳುವ ಒಬ್ಬರು ಈ ಊರಿನಲ್ಲೇ ಇರಬೇಕು. “ಯಾರಾದರೂ ಸಿಗುತ್ತಾರೆ” ಎಂಬುದು ಸಾಲದು. ಹೆಸರು ಬೇಕು, ಅವರ ಬಾಯಿಂದ ಹೂಂ ಎಂಬ ಮಾತು ಬೇಕು.

ನಾಯಿ ಆಗದಿದ್ದರೆ ಗಿಳಿಯಾದರೂ ತರೋಣ ಎನ್ನುವವರಿಗೆ ಒಂದು ಮಾತು. ನಮ್ಮ ನಾಡಿನ ಗಿಳಿ, ಮೈನಾ, ನಕ್ಷತ್ರ ಆಮೆ ಇವನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಬಜಾರಿನಲ್ಲಿ ಯಾರಾದರೂ ಪಂಜರ ತೋರಿಸಿ ಕರೆದರೆ ಕಾಲು ನಿಲ್ಲಿಸಬೇಡಿ. ಬೆಕ್ಕು ಒಂದು ಖೋಲಿಯ ಮನೆಗೆ ನಾಯಿಗಿಂತ ಚೆನ್ನಾಗಿ ಹೊಂದುತ್ತದೆ. ಆದರೂ ಅದಕ್ಕೂ ಲಸಿಕೆ ಬೇಕು, ಮೇ ತಿಂಗಳು ಅದಕ್ಕೂ ಬರುತ್ತದೆ.

ನಾಯಿಯೇ ಬೇಕೆಂದರೆ, ಓಡುವ ತಳಿಯನ್ನು ಬಿಟ್ಟು ಚಾಳಿನ ಮೆಟ್ಟಿಲ ಕೆಳಗೇ ಹುಟ್ಟಿ ಬೆಳೆದ ಮರಿಯನ್ನು ನೋಡಬಾರದೇಕೆ ಎಂದು ನಾವು ಆ ಸದಸ್ಯರನ್ನು ಕೇಳಿದೆವು. ಈ ಊರಿನ ಸೆಕೆ, ಮಳೆ, ಗದ್ದಲ ಅದಕ್ಕೆ ಹೊಸತಲ್ಲ. ಚಾಳಿನ ಮಂದಿಯ ಗುರುತೂ ಇರುತ್ತದೆ. ಬೀದಿನಾಯಿಗಳನ್ನು ಕೊಲ್ಲಬೇಕೆಂದು ಕುಂಪಣಿ ಸರಕಾರ ಆಜ್ಞೆ ಮಾಡಿದಾಗ 1832ರಲ್ಲಿ ಇದೇ ಮುಂಬಯಿಯ ಪಾರ್ಸಿಗಳು ಅಂಗಡಿಗಳನ್ನು ಮುಚ್ಚಿ ದಂಗೆಯೆದ್ದಿದ್ದರು; ಬೀದಿನಾಯಿಯ ನಂಟು ಈ ಊರಿಗೆ ಇಂದಿನದಲ್ಲ. ಆ ಸದಸ್ಯರು ನಕ್ಕು, “ನಮ್ಮ ಮಾವ ಕೇಳಿದರೆ ಏನಂದಾರು” ಎಂದರು.

ಅವರಿಗೆ ನಾವು ಒಂದು ಪರೀಕ್ಷೆಯನ್ನು ಒಪ್ಪಿಸಿದ್ದೇವೆ. ನಾಯಿಯಿಲ್ಲದೆಯೇ ಒಂದು ತಿಂಗಳು ನಾಯಿ ಸಾಕಿ ನೋಡುವುದು. ಬೆಳಿಗ್ಗೆ ಐದಕ್ಕೆ ಎದ್ದು ಕೆಳಗಿಳಿದು ಅರ್ಧ ಗಂಟೆ ನಡೆದು ಬರಬೇಕು. ಪಾಳಿ ಮುಗಿಸಿ ಬಂದ ಮೇಲೆ ಮತ್ತೆ ಅರ್ಧ ಗಂಟೆ. ಮಳೆ ಬಂದರೂ ತಪ್ಪಿಸುವಂತಿಲ್ಲ. ನಾಯಿಯ ಖಾತೆಯ ಹಣವನ್ನು ದಿನವೂ ಡಬ್ಬಿಯಲ್ಲಿ ಹಾಕಬೇಕು. ಮೊದಲು ಮನೆಯಾಕೆಯನ್ನು ಕೇಳಿದ್ದೀರಾ ಎಂದಾಗ ಅವರು ಸುಮ್ಮನಾದರು. ಮರುವಾರ ಬಂದು ಆಕೆಯ ಉತ್ತರವನ್ನು ಹೇಳಿದರು: “ತರ್ರಿ, ನಂದೇನೂ ಇಲ್ಲ. ಆದ್ರ ಮುಂಜಾನೆ ಐದಕ್ಕ ನಳದಾಗ ನೀರು ತುಂಬಾಕಿ ನಾ. ನಾಯಿ ಕೆಳಗ ಇಳಸಾವ್ರು ಯಾರು?”

ಅವರ ಖೋಲಿ ಮೂರನೆಯ ಅಂತಸ್ತಿನಲ್ಲಿದೆ. ಈ ಸಂಚಿಕೆ ಅಚ್ಚಿಗೆ ಹೋಗುವ ದಿನಕ್ಕೆ ಅವರು ಇಳಿದು ಹತ್ತಲು ತೊಡಗಿ ಒಂಬತ್ತು ದಿನವಾಗಿದೆ. ದೊಡ್ಡ ಮಗ ನಾಲ್ಕನೆಯ ದಿನಕ್ಕೇ ಹೊದ್ದು ಮಲಗಿದನಂತೆ. ಚಿಕ್ಕವಳು ಮಾತ್ರ ಒಂದು ದಾರದ ತುದಿಯನ್ನು ಹಿಡಿದುಕೊಂಡು ತಂದೆಯ ಜೊತೆ ದಿನವೂ ಇಳಿಯುತ್ತಿದ್ದಾಳೆ.